ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊದಲ ಹೆಸರಲ್ಲೇ ಇದೆ ನೆಂಟಸ್ತಿಕೆ

ಹೋದ ಸಂಚಿಕೆಯಲ್ಲಿ ಆಪೂಸ್ ಮಾವಿನ ಪ್ರಶ್ನೆಗೆ ಉತ್ತರ ಬರೀವಾಗ ಮ್ಯಾಂಜಿಫೆರಾ ಇಂಡಿಕಾ ಅಂತ ಅದರ ಶಾಸ್ತ್ರೀಯ ಹೆಸರು ಹಾಕಿ, ಇದರಲ್ಲಿ ಮ್ಯಾಂಜಿಫೆರಾ ಅನ್ನೋದು ಜೀನಸ್ಸು ಅಂತ ಒಂದೇ ಸಾಲಲ್ಲಿ ಮುಗಿಸಿದ್ದೆ. ಆ ಒಂದು ಸಾಲಿಗೆ ಮುಂಬೈ, ಪುಣೆ, ಗೋವಾದಿಂದ ರಾಶಿ ಪತ್ರ, ಮೆಸೇಜು ಬಂದಿವೆ, ಅದಕ್ಕೇ ಈ ಸಲದ ಅಂಕಣ ಪೂರ್ತಿ ಜೀನಸ್ಸಿಗೇ. ಶಾಲೆ ಪುಸ್ತಕದಲ್ಲಿ ಕನ್ನಡದ್ದೊಂದು ಪದ, ಮರಾಠಿಯದ್ದೊಂದು ಪದ ಇರೋದ್ರಿಂದ ಇಲ್ಲಿನ ನಮ್ಮ ಮಕ್ಕಳಿಗೆ ಗಲಿಬಿಲಿ ಆಗಬಾರದು ಅಂತ ನಾನು ಜೀನಸ್, ಸ್ಪೀಶೀಸ್ ಅಂತಲೇ ಬರೀತೀನಿ.

ಪ್ರಶ್ನೆ (ಪೋಂಡಾ, ಗೋವಾ): ನಮಸ್ಕಾರ ಮೇಡಂ. ನಾವು ಮೂಲ ಶಿರಸಿ ಕಡೆಯವರು. ಇಲ್ಲಿ ಹಿತ್ತಲಲ್ಲಿ ಒಂದು ಭಿರಿಂಡ, ಅಂದ್ರೆ ನಮ್ಮ ಮುರುಗಲು ಮರ ಇದೆ. ಸಸಿ ತರುವಾಗ ನರ್ಸರಿಯವರು ಚೀಟಿಯಲ್ಲಿ ಗಾರ್ಸಿನಿಯಾ ಇಂಡಿಕಾ ಅಂತ ಬರೆದುಕೊಟ್ಟಿದ್ರು. ಮಾವಿಗೂ ಇಂಡಿಕಾ, ಬೇವಿಗೂ ಇಂಡಿಕಾ, ಹುಣಸೆಗೂ ಇಂಡಿಕಾ ಅಂತೆ. ಹಾಗಾದ್ರೆ ಇವೆಲ್ಲ ಸಂಬಂಧಿಗಳಾ? ಊರಿನ ಉಪ್ಪಾಗೆನೂ ಇದೂ ಒಂದೇ ಮರ ಅಂತ ಪಕ್ಕದ ಮನೆಯವರ ವಾದ, ಅದು ನಿಜವಾ? ಇನ್ನೊಂದು ವಿಷಯ ಏನಂದ್ರೆ ನಮ್ಮ ಮರ ವರ್ಷಾ ಹೂ ಬಿಡುತ್ತೆ, ಒಂದು ಕಾಯಿನೂ ಕಚ್ಚಲ್ಲ.

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಇವೆ, ಮೂರಕ್ಕೂ ಉತ್ತರ ಆ ಚೀಟಿಯ ಮೊದಲ ಪದದಲ್ಲೇ ಇದೆ. ಇಂಡಿಕಾ ಅಂದ್ರೆ ಇಂಡಿಯಾದ್ದು ಅಂತ, ಅಷ್ಟೇ. ಅದೊಂದು ವಿಶೇಷಣ. ಮುಂಬೈಕರ್ ಅಂತ ಕರೆಸಿಕೊಳ್ಳೋರೆಲ್ಲ ಒಬ್ಬರಿಗೊಬ್ಬರು ನೆಂಟರಲ್ಲವಲ್ಲ, ಇದೂ ಹಾಗೇ. ಮಾವು ಅನಕಾರ್ಡಿಯೇಸಿ ಅನ್ನೋ ಕುಟುಂಬದ್ದು, ಮುರುಗಲು ಕ್ಲೂಸಿಯೇಸಿ, ಬೇವು ಮೀಲಿಯೇಸಿ, ಹುಣಸೆ ಅವರೆ ತೊಗರಿ ಇರೋ ಫ್ಯಾಬೇಸಿ ಕುಟುಂಬದ್ದು. ನಾಲ್ಕೂ ದೂರ ದೂರ. ಹುಣಸೆಯಂತೂ ಮೂಲದಲ್ಲಿ ಆಫ್ರಿಕಾದ ಮರ, ನಮ್ಮಲ್ಲಿಗೆ ಬಂದು ಎಷ್ಟೋ ಕಾಲ ಆಗಿದ್ದರಿಂದ ಇಂಡಿಯಾದ್ದೇ ಅಂದ್ಕೊಂಡು ಹೆಸರಿಟ್ಟರು, ಆ ಹೆಸರೇ ಉಳೀತು. ಅದೇ ನಿಮ್ಮ ಗೋವಾದ ಗೇರು ನೋಡಿ, ಅದರ ಹೆಸರು ಅನಕಾರ್ಡಿಯಂ ಆಕ್ಸಿಡೆಂಟೇಲ್, ಇಂಡಿಕಾ ಅನ್ನೋ ಪದದ ಸುಳಿವೇ ಇಲ್ಲ, ಪೋರ್ಚುಗೀಸರು ಬ್ರೆಜಿಲ್ಲಿಂದ ತಂದ ಗಿಡ, ಆದರೂ ಮಾವಿಗೆ ನಿಜವಾದ ನೆಂಟ ಅದೇ, ಇಬ್ಬರದ್ದೂ ಒಂದೇ ಕುಟುಂಬ. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರು, ಹಸಿ ಗೇರುಬೀಜದ ಎಣ್ಣೆ ತಾಗಿ ಕೈ ಸುಟ್ಟುಕೊಂಡವರು ಆ ನೆಂಟಸ್ತಿಕೆನ ಚರ್ಮದ ಮೇಲೇ ಅನುಭವಿಸಿರ್ತಾರೆ.

ಜೀವಿಗಳನ್ನ ಜೋಡಿಸೋ ಕ್ರಮದಲ್ಲಿ ಮೇಲೆ ದೊಡ್ಡ ದೊಡ್ಡ ಗುಂಪುಗಳು, ಕೆಳಗೆ ಬಂದಹಾಗೆ ಚಿಕ್ಕವು. ಕುಟುಂಬದ ಕೆಳಗೆ ಜೀನಸ್, ಜೀನಸ್ಸಿನ ಕೆಳಗೆ ಸ್ಪೀಶೀಸ್. ಒಂದೇ ಮೂಲದಿಂದ ಕವಲೊಡೆದು ಬಂದ, ತೀರಾ ಹತ್ತಿರದ ಸ್ಪೀಶೀಸ್‌ಗಳನ್ನ ಒಂದು ಹೆಸರಿನ ಕೆಳಗೆ ಇಟ್ಟರೆ ಅದೇ ಜೀನಸ್. ಈ ಕಲ್ಪನೆನ 1694ರಲ್ಲೇ ಫ್ರಾನ್ಸಿನ ತೂರ್ನ್‌ಫೋರ್ ಅನ್ನೋ ಸಸ್ಯಶಾಸ್ತ್ರಜ್ಞ ಗಟ್ಟಿ ಮಾಡಿದ್ದ. ಆದರೆ ಆಗೆಲ್ಲ ಒಂದು ಗಿಡದ ಹೆಸರು ಅಂದ್ರೆ ಲ್ಯಾಟಿನ್ನಿನ ಒಂದು ಇಡೀ ವಾಕ್ಯ, ಎಲೆ ಹೀಗೆ, ಹೂ ಹಾಗೆ ಅಂತ ವರ್ಣನೆ. 1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಎಲ್ಲ ಗಿಡಕ್ಕೂ ಎರಡೇ ಪದದ ಹೆಸರು ಸಾಕು ಅಂತ ಮಾಡಿದ, 1758ರಲ್ಲಿ ಪ್ರಾಣಿಗಳಿಗೂ ಅದನ್ನೇ ತಂದ. ಮೊದಲ ಪದ ಜೀನಸ್, ಎರಡನೇದು ಆ ಜೀನಸ್ಸಿನ ಒಳಗೆ ಇದು ಯಾವುದು ಅಂತ ಹೇಳೋ ಪದ. ಎರಡೂ ಸೇರಿದ್ರೆ ಮಾತ್ರ ಸ್ಪೀಶೀಸ್ ಹೆಸರು. ಬರೀ ಇಂಡಿಕಾ ಅಂದ್ರೆ ಯಾವ ಗಿಡವೂ ಅಲ್ಲ.

ಈಗ ಉಪ್ಪಾಗೆ. ಅದು ಗಾರ್ಸಿನಿಯಾ ಗಮ್ಮಿ-ಗಟ್ಟಾ. ಮೊದಲ ಪದ ಒಂದೇ, ಎರಡನೇದು ಬೇರೆ. ಅಂದ್ರೆ ನಿಮ್ಮ ಪಕ್ಕದವರ ಮಾತು ಅರ್ಧ ಸರಿ: ಒಂದೇ ಮರ ಅಲ್ಲ, ಆದರೆ ತುಂಬ ಹತ್ತಿರದ ಸಂಬಂಧ. ಮುರುಗಲು ಹಣ್ಣು ನುಣುಪಾಗಿ, ಗುಂಡಗೆ, ಕಡುಗೆಂಪು. ಉಪ್ಪಾಗೆ ಹಳದಿ, ಮೈಮೇಲೆ ಕುಂಬಳಕಾಯಿ ಥರ ಏಣುಗಳು. ಹಣ್ಣು ನೋಡಿದ್ರೆ ಯಾರೂ ಒಂದೇ ಅನ್ನಲ್ಲ. ಆದರೆ ಎರಡರ ಒಂದೊಂದು ಟೊಂಗೆ ಮುರಿದು ನೋಡಿ, ಎರಡರಲ್ಲೂ ಹಳದಿ ಅಂಟು ಒಸರುತ್ತೆ. ಎಲೆ ಎರಡರಲ್ಲೂ ದಪ್ಪ, ಹೊಳಪು, ಎದುರುಬದುರಾಗಿ ಜೋಡಿ ಜೋಡಿ ಕೂತಿರ್ತವೆ. ಸಿಪ್ಪೆ ಎರಡರದ್ದೂ ಹುಳಿ, ಬೀಜದಲ್ಲಿ ಎರಡಕ್ಕೂ ತುಪ್ಪದ ಅಂಶ. ಮಾರ್ಕೆಟ್ಟಲ್ಲಿ ಬರೋ ಮ್ಯಾಂಗೋಸ್ಟೀನ್ ಇದೆಯಲ್ಲ, ಅದೂ ಗಾರ್ಸಿನಿಯಾನೇ, ಗಾರ್ಸಿನಿಯಾ ಮ್ಯಾಂಗೋಸ್ಟಾನಾ, ಹೆಸರಲ್ಲಿ ಮ್ಯಾಂಗೋ ಇದ್ರೂ ಮಾವಿಗೆ ಏನೂ ಅಲ್ಲ.

ಕಾಯಿ ಕಚ್ಚದ ವಿಷಯಕ್ಕೂ ಜೀನಸ್ಸೇ ಉತ್ತರ ಕೊಡುತ್ತೆ, ನನಗೆ ಇದೇ ತುಂಬ ಇಷ್ಟವಾದ ಭಾಗ. ಗಾರ್ಸಿನಿಯಾಗಳಲ್ಲಿ ಸಾಮಾನ್ಯವಾಗಿ ಗಂಡು ಹೂ ಒಂದು ಮರದಲ್ಲಿ, ಹೆಣ್ಣು ಹೂ ಇನ್ನೊಂದು ಮರದಲ್ಲಿ ಬಿಡುತ್ತೆ. ಮರ ಗಾರ್ಸಿನಿಯಾ ಅಂತ ಗೊತ್ತಾದ ತಕ್ಷಣ, ಹೂವಿದೆ ಕಾಯಿಲ್ಲ ಅಂದ್ರೆ, ಗಂಡು ಮರ ಇರಬೇಕು ಅನ್ನೋ ಅನುಮಾನ ಮೊದಲು ಬರಬೇಕು. ಈ ಸಲ ಹೂ ಬಿಟ್ಟಾಗ ಒಂದು ಹೂ ಬಿಡಿಸಿ ಭೂತಗನ್ನಡಿ ಹಿಡಿದು ನೋಡಿ. ನಡುವೆ ಬರೀ ಕೇಸರಗಳ ಗುಂಪು ಇದ್ರೆ ಗಂಡು. ನಡುವೆ ಪುಟ್ಟ ಹಸಿರು ಗುಂಡು ಇದ್ರೆ ಹೆಣ್ಣು. ಗಂಡಾಗಿದ್ರೆ ಗೊಬ್ಬರ ಹಾಕಿ ಪ್ರಯೋಜನ ಇಲ್ಲ, ಹೆಣ್ಣು ಮರದ ಕಡ್ಡಿ ತಂದು ಕಸಿ ಕಟ್ಟಿಸಿ, ಇಲ್ಲಾಂದ್ರೆ ಕಸಿ ಸಸಿ ತಂದು ನೆಡಿ. ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದವರ ಕೊಂಕಣ ಅಮೃತಾ ಅಂತ ಒಳ್ಳೆ ತಳಿ ಇದೆ, ವಿಚಾರಿಸಿ. ಬೀಜದಿಂದ ಎದ್ದ ಸಸಿ ಗಂಡೋ ಹೆಣ್ಣೋ ಅಂತ ಹೂ ಬರೋವರೆಗೂ ತಿಳಿಯಲ್ಲ, ಅದಕ್ಕೆ ಏಳೆಂಟು ವರ್ಷ ಕಾಯಬೇಕು.

ಪ್ರಶ್ನೆ (ಅಂಧೇರಿ, ಮುಂಬೈ): ಮೇಡಂ, ನಾವು ಉಡುಪಿಯವರು, ಹೋಟೆಲಿನಲ್ಲಿ ಮೀನಿನ ಖರೀದಿ ನಾನೇ ನೋಡಿಕೊಳ್ಳುವುದು. ಬಿಳಿ ಮಾಂಜಿ ಇಲ್ಲದ ದಿನ ಕಪ್ಪು ಮಾಂಜಿ ಕೊಟ್ಟರೆ ಕೆಲವು ಗಿರಾಕಿಗಳು ಇದು ಪಾಂಫ್ರೆಟೇ ಅಲ್ಲ ಅಂತ ಜಗಳಕ್ಕೆ ಬರ್ತಾರೆ. ಎರಡೂ ಒಂದೇ ಜೀನಸ್ ಉಂಟಾ?

ಉತ್ತರ: ಇಲ್ಲ ಅಣ್ಣಾ, ಗಿರಾಕಿ ಹೇಳೋದ್ರಲ್ಲಿ ಸತ್ಯ ಇದೆ. ಬಿಳಿ ಮಾಂಜಿ, ಅಂದ್ರೆ ಇಲ್ಲಿನ ಪಾಪ್ಲೆಟ್, ಮಾಲ್ವಣಿಯವರ ಸರಂಗಾ, ಪ್ಯಾಂಪಸ್ ಅನ್ನೋ ಜೀನಸ್ಸಿನದ್ದು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ರಾಜ್ಯದ ಮೀನು ಅಂತ ಘೋಷಣೆ ಮಾಡಿದ್ದೂ ಇದನ್ನೇ. ಕಪ್ಪು ಮಾಂಜಿ, ಇಲ್ಲಿಯವರ ಹಲ್ವಾ, ಪ್ಯಾರಾಸ್ಟ್ರೋಮೇಟಿಯಸ್ ನೈಗರ್. ಜೀನಸ್ಸಷ್ಟೇ ಅಲ್ಲ, ಕುಟುಂಬವೇ ಬೇರೆ. ಹಾಗಂತ ಮೊದಲು ವಿಜ್ಞಾನಿಗಳೂ ಒಂದೇ ಅಂದ್ಕೊಂಡಿದ್ರು, 18ನೇ ಶತಮಾನದ ಕೊನೆಗೆ ಎರಡಕ್ಕೂ ಹೆಸರಿಟ್ಟಾಗ ಎರಡನ್ನೂ ಸ್ಟ್ರೋಮೇಟಿಯಸ್ ಅನ್ನೋ ಒಂದೇ ಜೀನಸ್ಸಿಗೆ ಹಾಕಿದ್ರು, ಚಪ್ಪಟೆ ಮೈ, ಅಗಲ ಆಕಾರ ನೋಡಿ. ಆಮೇಲೆ ಮೂಳೆ, ರೆಕ್ಕೆ, ಹುರುಪೆ ಎಲ್ಲ ಸರಿಯಾಗಿ ನೋಡಿದ ಮೇಲೆ ಬೇರೆ ಮಾಡಿದ್ರು. ನೀವು ಕೈಯಲ್ಲೇ ಪರೀಕ್ಷೆ ಮಾಡಬಹುದು. ಹಲ್ವಾದ ಬಾಲ ಶುರುವಾಗೋ ಸಣ್ಣ ಜಾಗದ ಪಕ್ಕದಲ್ಲಿ ಬೆರಳು ಓಡಿಸಿದ್ರೆ ಗಟ್ಟಿ ಹುರುಪೆಗಳ ಒಂದು ಏಣು ತಾಗುತ್ತೆ. ಪಾಪ್ಲೆಟ್‌ನಲ್ಲಿ ಅದಿಲ್ಲ, ಅಲ್ಲಿ ನುಣುಪು, ಪುಟ್ಟ ಹುರುಪೆಗಳು ಉಜ್ಜಿದ್ರೇ ಉದುರ್ತವೆ. ರುಚಿ ಬೇರೆ ವಿಷಯ, ಹಲ್ವಾದ ತವಾ ಫ್ರೈ ನನಗೂ ಇಷ್ಟ. ಮೆನುವಿನಲ್ಲಿ ಹಲ್ವಾ ಅಂತಲೇ ಬರೆದ್ರೆ ಜಗಳ ಇರಲ್ಲ.

ಪ್ರಶ್ನೆ (ಡೊಂಬಿವಲಿ): ಮಗಳು ಹನ್ನೊಂದನೇ ಕ್ಲಾಸು, ಸೈನ್ಸ್. ಶಾಸ್ತ್ರೀಯ ಹೆಸರು ಬರೆದದ್ದಕ್ಕೆ ಟೆಸ್ಟ್‌ನಲ್ಲಿ ಮಾರ್ಕ್ಸ್ ಕಟ್ ಮಾಡಿದ್ದಾರೆ. ಸ್ಪೆಲಿಂಗ್ ಸರಿಯಾಗೇ ಇದೆ. ಯಾಕೆ?

ಉತ್ತರ: ಬರೆಯೋ ರೀತಿ ತಪ್ಪಿರಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೀವಾಗ ಜೀನಸ್ಸಿನ ಮೊದಲಕ್ಷರ ಯಾವಾಗಲೂ ಕ್ಯಾಪಿಟಲ್, ಎರಡನೇ ಪದದ್ದು ಯಾವಾಗಲೂ ಸ್ಮಾಲ್, ಅದು ಇಂಡಿಕಾ ಆದ್ರೂ ಸರಿ, ಯಾರದ್ದಾದ್ರೂ ಹೆಸರಾದ್ರೂ ಸರಿ. ಪ್ರಿಂಟಿನಲ್ಲಿ ಓರೆ ಅಕ್ಷರ, ಕೈಬರಹದಲ್ಲಿ ಕೆಳಗೆ ಗೆರೆ, ಗೆರೆನೂ ಎರಡು ಪದಕ್ಕೆ ಬೇರೆ ಬೇರೆ ಎಳೀಬೇಕು. ಒಮ್ಮೆ ಪೂರ್ತಿ ಬರೆದ ಮೇಲೆ ಜೀನಸ್ಸನ್ನ ಒಂದಕ್ಷರಕ್ಕೆ ಇಳಿಸಬಹುದು, ಈ. ಕೋಲೈ ಅನ್ನೋದು ಹಾಗೇ ಬಂದದ್ದು, ಈ ಅಂದ್ರೆ ಎಶೆರಿಕಿಯಾ. ಮೊದಲ ಸಲವೇ ಇಳಿಸಬಾರದು. ಜೀನಸ್ ಗೊತ್ತು, ಸ್ಪೀಶೀಸ್ ಯಾವುದು ಅಂತ ಗೊತ್ತಿಲ್ಲ ಅಂದಾಗ ಜೀನಸ್ಸಿನ ಮುಂದೆ ಎಸ್‌ಪಿ ಅಂತ ಹಾಕಿ ಚುಕ್ಕಿ ಇಡ್ತಾರೆ, ಒಂದಕ್ಕಿಂತ ಹೆಚ್ಚು ಸ್ಪೀಶೀಸ್ ಆದ್ರೆ ಎಸ್‌ಪಿಪಿ, ಅವು ಓರೆ ಅಕ್ಷರದಲ್ಲಿ ಬರಲ್ಲ. ಕುಟುಂಬದ ಹೆಸರನ್ನ ಕೊನೆಯಿಂದ ಗುರುತು ಹಿಡೀಬಹುದು, ಗಿಡಗಳದ್ದು ಏಸಿ ಅಂತ, ಪ್ರಾಣಿಗಳದ್ದು ಇಡೇ ಅಂತ ಮುಗಿಯುತ್ತೆ. ಜೀನಸ್ಸಿಗೆ ಅಂಥ ಗೊತ್ತಾದ ಕೊನೆ ಇಲ್ಲ.

ಪ್ರಶ್ನೆ (ಕೋಥ್ರೂಡ್, ಪುಣೆ): ನಮಸ್ಕಾರ್ರಿ. ನಾವು ಧಾರವಾಡದವರು, ರಿಟೈರ್ ಆಗೇನಿ, ದಿನಾ ಮುಂಜಾನೆ ಟೇಕಡಿ ಮ್ಯಾಲೆ ವಾಕಿಂಗ್ ಹೋಗ್ತೇನಿ. ಅಲ್ಲೆ ಕರಿಜಾಲಿ ಗಿಡಕ್ಕ ಅಕೇಶಿಯಾ ನೈಲೋಟಿಕಾ ಅಂತ ಹಳೇ ಬೋರ್ಡ್ ಅದ. ಮೊಬೈಲಿನ್ಯಾಗ ಫೋಟೋ ಹೊಡದು ನೋಡಿದ್ರ ವಾಚೆಲಿಯಾ ನೈಲೋಟಿಕಾ ಅಂತ ತೋರಸ್ತದ. ಯಾವುದು ಖರೇ? ಹಿಂಗ ಹೆಸರು ಬದಲಿ ಮಾಡಕೋತ ಹೋದ್ರ ಜನಾ ನೆನಪಿಡೂದು ಹ್ಯಾಂಗ್ರಿ?

ಉತ್ತರ: ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎರಡೂ ಅದೇ ಗಿಡದ ಹೆಸರು, ಈಗ ನಡೀತಿರೋದು ವಾಚೆಲಿಯಾ ನೈಲೋಟಿಕಾ, ಮರಾಠಿಯವರ ಬಾಭೂಳ. ಇದರ ಕಥೆ ಸ್ವಲ್ಪ ಉದ್ದ ಇದೆ, ಹೇಳ್ತೀನಿ, ಯಾಕಂದ್ರೆ ಜೀನಸ್ ಅಂದ್ರೆ ಏನು ಅನ್ನೋದು ಈ ಜಗಳದಲ್ಲಿ ಅರ್ಥ ಆದಷ್ಟು ಬೇರೆಲ್ಲೂ ಆಗಲ್ಲ.

1753ರಲ್ಲಿ ಲಿನೇಯಸ್ ಈ ಗಿಡಕ್ಕೆ ಇಟ್ಟ ಹೆಸರು ಮಿಮೋಸಾ ನೈಲೋಟಿಕಾ, ಅಂದ್ರೆ ಮುಟ್ಟಿದರೆ ಮುನಿ ಇರೋ ಜೀನಸ್ಸಿಗೆ ಹಾಕಿದ್ದ. ಆಮೇಲಿನವರು ಅಕೇಶಿಯಾಕ್ಕೆ ತಂದ್ರು. ಅಕೇಶಿಯಾ ಬೆಳೆದು ಬೆಳೆದು ಸಾವಿರಕ್ಕೂ ಹೆಚ್ಚು ಸ್ಪೀಶೀಸ್ ಇರೋ ದೊಡ್ಡ ಜೀನಸ್ ಆಯ್ತು, ಅದರಲ್ಲಿ ಬಹುಪಾಲು ಆಸ್ಟ್ರೇಲಿಯಾದವು. ಡಿಎನ್‌ಎ ನೋಡೋ ಕಾಲ ಬಂದಾಗ ಇದೆಲ್ಲ ಒಂದೇ ಬುಡದಿಂದ ಬಂದ ಗುಂಪಲ್ಲ ಅಂತ ಗೊತ್ತಾಯ್ತು. ಜೀನಸ್ ಅಂದ ಮೇಲೆ ಅದರೊಳಗಿನವೆಲ್ಲ ಒಂದೇ ಪೂರ್ವಜನಿಂದ ಬಂದಿರಬೇಕು, ಆ ಪೂರ್ವಜನ ಸಂತತಿ ಯಾವುದೂ ಹೊರಗೆ ಉಳಿದಿರಬಾರದು, ಇವತ್ತಿನ ಮುಖ್ಯ ನಿಯಮ ಇದು. ಹಾಗಾಗಿ ಒಡೀಲೇಬೇಕಾಯ್ತು, ಐದು ಜೀನಸ್ ಆದ್ವು. ಒಡೆದಾಗ ಹಳೇ ಹೆಸರು ಯಾರಿಗೆ? ಅದಕ್ಕೂ ನಿಯಮ ಇದೆ. ಪ್ರತಿ ಜೀನಸ್ಸಿಗೂ ಒಂದು ಟೈಪ್ ಸ್ಪೀಶೀಸ್ ಇರುತ್ತೆ, ಅದು ಎಲ್ಲಿ ಹೋದ್ರೆ ಹೆಸರು ಅದರ ಹಿಂದೆ. ಅಕೇಶಿಯಾದ ಟೈಪ್ ನಮ್ಮ ಈ ಕರಿಜಾಲಿನೇ ಆಗಿತ್ತು. ನಿಯಮದ ಪ್ರಕಾರ ಹೆಸರು ಇದಕ್ಕೇ ಉಳಿದು ಆಸ್ಟ್ರೇಲಿಯಾದ ಸಾವಿರದಷ್ಟು ಗಿಡಕ್ಕೆ ಹೊಸ ಹೆಸರು ಬರಬೇಕಿತ್ತು. ಅಲ್ಲಿನವರು ಅಷ್ಟು ಹೆಸರು ಬದಲಿಸೋ ಬದಲು ಟೈಪನ್ನೇ ಬದಲಿಸಿ ಅಂತ ಅರ್ಜಿ ಹಾಕಿದ್ರು. 2005ರಲ್ಲಿ ವಿಯೆನ್ನಾದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಅದು ಪಾಸಾಯ್ತು, ಆಫ್ರಿಕಾ ಮತ್ತೆ ನಮ್ಮ ಕಡೆಯ ತುಂಬ ಜನ ವಿರೋಧಿಸಿದ್ರು, 2011ರಲ್ಲಿ ಮೆಲ್ಬರ್ನ್ ಸಮ್ಮೇಳನದಲ್ಲಿ ಮತ್ತೆ ಚರ್ಚೆ ಆಗಿ ಅದೇ ತೀರ್ಮಾನ ನಿಂತಿತು. ನನ್ನ ಅಭಿಪ್ರಾಯ ಕೇಳಿದ್ರೆ, ಒಡೆದದ್ದು ಸರಿ, ಹೆಸರನ್ನ ಕರಿಜಾಲಿಯಿಂದ ಕಿತ್ತುಕೊಂಡದ್ದು ಸರಿಯಲ್ಲ. ಆದ್ರೆ ತೀರ್ಮಾನ ಆಗಿಹೋಗಿದೆ, ಎಲ್ಲರೂ ಒಂದೇ ಹೆಸರು ಬಳಸೋದು ಮುಖ್ಯ, ಹಾಗಾಗಿ ನಾನೂ ವಾಚೆಲಿಯಾ ಅಂತಲೇ ಬರೀತೀನಿ.

ಇದು ಬರೀ ಕಾಗದದ ಮೇಲಿನ ವಿಷಯ ಅಂದ್ಕೋಬೇಡಿ ಸರ್, ನಾಳೆ ಟೇಕಡಿಗೆ ಹೋದಾಗ ಮುಳ್ಳು ನೋಡಿ. ಕರಿಜಾಲಿಯಲ್ಲಿ ಎಲೆ ಬುಡದಲ್ಲಿ ಜೋಡಿ ಮುಳ್ಳು, ಉದ್ದ, ನೆಟ್ಟಗೆ, ಬಿಳಿಚು ಬಣ್ಣ. ಹೂ ಹಳದಿ ಗುಂಡು ಚೆಂಡು. ಇದು ವಾಚೆಲಿಯಾ. ಎಲೆಗೆ ಹಾಕೋ ಕಾಚು ಬರೋ ಖೈರ್ ಮರ ಸಿಕ್ಕರೆ ನೋಡಿ, ಅದರಲ್ಲೂ ಮುಳ್ಳು ಜೋಡಿಯೇ, ಆದರೆ ಗಿಡ್ಡ, ಕೊಕ್ಕೆ ಥರ ಬಾಗಿರ್ತವೆ, ಅಂಗಿ ಹಿಡಿದ್ರೆ ಬಿಡಲ್ಲ, ಹೂ ಕೆನೆಬಣ್ಣದ ಉದ್ದ ಕದಿರು. ಅದು ಈಗ ಸೆನೆಗಾಲಿಯಾ ಕ್ಯಾಟೆಚು. ನಮ್ಮ ಸೀಗೆಕಾಯಿ ಬಳ್ಳಿನೂ ಸೆನೆಗಾಲಿಯಾ ಕಡೆಗೇ ಹೋಯ್ತು, ಅದರ ಕೊಕ್ಕೆ ಮುಳ್ಳು ಹಳ್ಳಿಯವರಿಗೆಲ್ಲ ಗೊತ್ತು. ಇನ್ನು ಕೊಂಕಣದಲ್ಲಿ, ಗೋವಾದಲ್ಲಿ, ಉತ್ತರ ಕನ್ನಡದಲ್ಲಿ ಅರಣ್ಯ ಇಲಾಖೆಯವರು ಸಾಲು ಸಾಲು ನೆಟ್ಟ ಆಸ್ಟ್ರೇಲಿಯಾದ ಅಕೇಶಿಯಾ ಇದೆಯಲ್ಲ, ಅಕೇಶಿಯಾ ಆರಿಕ್ಯುಲಿಫಾರ್ಮಿಸ್, ಅದಕ್ಕೆ ಮುಳ್ಳೇ ಇಲ್ಲ. ಕುಡುಗೋಲಿನ ಥರ ಬಾಗಿದ ಅದರ ಎಲೆ ನಿಜವಾಗಿ ಎಲೆಯೇ ಅಲ್ಲ, ಚಪ್ಪಟೆಯಾದ ಎಲೆತೊಟ್ಟು. ಬೀಜ ಹಾಕಿ ಮೊಳಕೆ ಬಂದಾಗ ನೋಡಿದ್ರೆ ಮೊದಲ ಎಲೆಗಳು ಜಾಲಿ ಥರ ಸಣ್ಣ ಸಣ್ಣ ದಳದ ಗರಿಯಾಗೇ ಬರ್ತವೆ, ಆಮೇಲೆ ತೊಟ್ಟು ಅಗಲವಾಗ್ತಾ ಹೋಗಿ ದಳಗಳು ಕಾಣೆಯಾಗ್ತವೆ, ನಡುವಿನ ಹಂತದಲ್ಲಿ ಅಗಲವಾದ ತೊಟ್ಟಿನ ತುದಿಗೆ ಪುಟ್ಟ ಗರಿ ಅಂಟಿಕೊಂಡಿರೋದನ್ನೂ ನೋಡಬಹುದು. ಹಳೇ ಸಂಬಂಧದ ಗುರುತು ಸಸಿಯಲ್ಲಿದೆ, ಬೇರೆಯಾದದ್ದರ ಗುರುತು ಮರದಲ್ಲಿದೆ.

ನೆನಪಿಡೋದು ಹೇಗೆ ಅಂದ್ರಿ. ಗಮನಿಸಿ, ಮಿಮೋಸಾ, ಅಕೇಶಿಯಾ, ವಾಚೆಲಿಯಾ, ಮೂರು ಜೀನಸ್ ಬದಲಾದ್ರೂ ನೈಲೋಟಿಕಾ ಬದಲಾಗಿಲ್ಲ. ಅದನ್ನ ಹಿಡಿದ್ರೆ ಹಳೇ ಪುಸ್ತಕದ ಗಿಡನೂ ಸಿಗುತ್ತೆ. ಇನ್ನೊಂದು ಗುರುತು ಬೋರ್ಡಲ್ಲೇ ಇರುತ್ತೆ, ಹೆಚ್ಚಿನವರು ನೋಡಲ್ಲ. ಶಾಸ್ತ್ರೀಯ ಹೆಸರಿನ ಪಕ್ಕ ಹೆಸರಿಟ್ಟವರ ಹೆಸರು ಹಾಕಿರ್ತಾರೆ. ಮಾವಿನ ಮುಂದೆ ಬರೀ ಎಲ್ ಅಂತಿರುತ್ತೆ, ಅಂದ್ರೆ ಲಿನೇಯಸ್ ಎಲ್ಲಿಟ್ಟನೋ ಇವತ್ತಿಗೂ ಅದೇ ಜೀನಸ್ಸಲ್ಲಿದೆ. ಕರಿಜಾಲಿ ಮುಂದೆ ಎಲ್ ಅನ್ನೋದು ಬ್ರಾಕೆಟ್ ಒಳಗಿರುತ್ತೆ, ಆಮೇಲೆ ಬೇರೆ ಹೆಸರು. ಬ್ರಾಕೆಟ್ ಇದ್ರೆ ಜೀನಸ್ ಬದಲಾಗಿದೆ ಅಂತ ಅರ್ಥ, ಹೊರಗಿರೋರು ಬದಲಿಸಿದವರು. ಪ್ರಾಣಿಗಳಲ್ಲೂ ಬ್ರಾಕೆಟ್ ಇದೆ, ಬದಲಿಸಿದವರ ಹೆಸರು ಮಾತ್ರ ಹಾಕಲ್ಲ. ಮನೆ ಬೆಕ್ಕು ಫೆಲಿಸ್ ಕ್ಯಾಟಸ್, ಲಿನೇಯಸ್ 1758, ಬ್ರಾಕೆಟ್ ಇಲ್ಲ. ಹುಲಿ ಪ್ಯಾಂಥೆರಾ ಟೈಗ್ರಿಸ್, ಬ್ರಾಕೆಟ್ ಒಳಗೆ ಲಿನೇಯಸ್ 1758, ಯಾಕಂದ್ರೆ ಅವನು ಹುಲಿ, ಸಿಂಹ, ಚಿರತೆ ಎಲ್ಲವನ್ನೂ ಬೆಕ್ಕಿನ ಫೆಲಿಸ್‌ನಲ್ಲೇ ಇಟ್ಟಿದ್ದ. ಬೋರಿವಲಿ ಕಾಡಿನ ಚಿರತೆನೂ ಈಗ ಪ್ಯಾಂಥೆರಾ. ಪೋಂಡಾದ ಅಕ್ಕನ ಮುರುಗಲಿಗೂ ಬ್ರಾಕೆಟ್ ಇದೆ, ಅದರ ಮೊದಲ ಹೆಸರು ಬ್ರಿಂಡೋನಿಯಾ ಇಂಡಿಕಾ, ಕೊಂಕಣಿಯ ಭಿರಿಂಡದ ದನಿ ಕೇಳ್ತಿದೆ ಅಲ್ವಾ.

ನಿಮ್ಮ ಪುಣೆ ಜಿಲ್ಲೆಯದ್ದೇ ಒಂದು ಗಿಡ ಹೀಗೇ ಜೀನಸ್ ಕಳಕೊಂಡಿದೆ. ಜುನ್ನರ್ ಭಾಗದ ಬೆಟ್ಟದ ಬಂಡೆಗಳಲ್ಲಿ ಬೆಳೆಯೋ ಶಿವಸುಮನ್, ರಸಭರಿತ ಎಲೆ, ನಕ್ಷತ್ರದ ಹೂ. 1865ರಲ್ಲಿ ಡಾಲ್ಜೆಲ್ ಅನ್ನೋ ಸಸ್ಯಶಾಸ್ತ್ರಜ್ಞ ಮುಂಬೈ ಗವರ್ನರ್ ಆಗಿದ್ದ ಬಾರ್ಟಲ್ ಫ್ರೇರ್ ಹೆಸರಲ್ಲಿ ಫ್ರೇರಿಯಾ ಇಂಡಿಕಾ ಅಂತ ಇಟ್ಟ, ಇಡೀ ಜೀನಸ್ಸಿಗೆ ಅದೊಂದೇ ಸ್ಪೀಶೀಸ್. ಡಿಎನ್‌ಎ ನೋಡಿದ್ರೆ ಅದು ಬೌಸೆರೋಸಿಯಾ ಅನ್ನೋ ಜೀನಸ್ಸಿನ ಒಳಗೇ ಬರುತ್ತೆ, ಈಗ ಬೌಸೆರೋಸಿಯಾ ಫ್ರೇರೈ ಅಂತಾರೆ. ಅಪರೂಪದ, ಅಳಿವಿನ ಅಂಚಿನ ಗಿಡ. ಜೀನಸ್ ಹೋಯ್ತು ಅಂತ ಅದರ ಮಹತ್ವವೇನೂ ಕಮ್ಮಿ ಆಗಿಲ್ಲ, ಬೆಟ್ಟಕ್ಕೆ ಹೋದವರು ದಯವಿಟ್ಟು ಕಿತ್ತು ತರಬೇಡಿ.

ಪ್ರಶ್ನೆ (ಇಂದಾಪುರ, ಪುಣೆ ಜಿಲ್ಲೆ): ದ್ರಾಕ್ಷಿ ತೋಟ ಐತ್ರಿ. ಎಲ್ಲಾರೂ ಡಾಗ್ ರಿಜ್ ಬೇರಿನ ಮ್ಯಾಲೆ ಕಸಿ ಕಟ್ತೀವಿ. ಬ್ಯಾರೆ ಯಾವ ಬಳ್ಳಿ ಮ್ಯಾಲೂ ಯಾಕ ಕೂಡೂದಿಲ್ಲ? ಜೀನಸ್ ಅನ್ನೂದು ಇದಕ್ಕ ಏನರೆ ಸಂಬಂಧ ಐತೇನು?

ಉತ್ತರ: ಇದೆ, ದೊಡ್ಡ ಸಂಬಂಧವೇ ಇದೆ. ನಾವು ತಿನ್ನೋ ದ್ರಾಕ್ಷಿ ವೈಟಿಸ್ ವಿನಿಫೆರಾ. ಡಾಗ್ ರಿಜ್ ಅಮೆರಿಕದ ಕಾಡುದ್ರಾಕ್ಷಿಯ ಕಡೆಯದ್ದು, ಸ್ಪೀಶೀಸ್ ಬೇರೆ, ಜೀನಸ್ ವೈಟಿಸ್ಸೇ. ನೀರಿನ ಬರ, ಉಪ್ಪು ಮಣ್ಣು ತಡ್ಕೊಳ್ಳುತ್ತೆ ಅಂತ ಮಹಾರಾಷ್ಟ್ರದಲ್ಲೆಲ್ಲ ಹಿಡಿದಿದ್ದಾರೆ. ಕಸಿ ಕೂಡಬೇಕಾದ್ರೆ ಎರಡರ ಒಳಗಿನ ರಚನೆ ಹತ್ತಿರ ಇರಬೇಕು, ಒಂದೇ ಜೀನಸ್ ಆದ್ರೆ ಆ ಸಾಧ್ಯತೆ ಜಾಸ್ತಿ. ಬದನೆನ ಕಾಡು ಸುಂಡೆ ಬೇರಿನ ಮೇಲೆ ಕಟ್ತಾರೆ, ಎರಡೂ ಸೋಲಾನಂ. ಟೊಮ್ಯಾಟೊ ಬದನೆ ಮೇಲೆ ಕೂಡುತ್ತೆ, ಅದೂ ಸೋಲಾನಂ, ನಡುವೆ ಬಹಳ ಕಾಲ ಅದನ್ನ ಲೈಕೋಪರ್ಸಿಕಾನ್ ಅಂತ ಬೇರೆ ಜೀನಸ್ ಮಾಡಿಟ್ಟಿದ್ರು, ಡಿಎನ್‌ಎ ನೋಡಿ ವಾಪಸ್ ತಂದ್ರು, 1753ರಲ್ಲಿ ಲಿನೇಯಸ್ ಇಟ್ಟದ್ದೂ ಸೋಲಾನಂನಲ್ಲೇ. ಆದರೆ ಇದು ಗ್ಯಾರಂಟಿ ಸೂತ್ರ ಅಲ್ಲ. ಒಂದೇ ಜೀನಸ್ ಇದ್ದೂ ಕೂಡದೇ ಇರಬಹುದು, ಜೀನಸ್ ದಾಟಿ ಕೂಡಿದ್ದೂ ಇದೆ. ಗೋಧಿ, ರೈ ಎರಡು ಬೇರೆ ಜೀನಸ್, ಎರಡನ್ನ ತಳಿಮಿಶ್ರಣ ಮಾಡಿ ಟ್ರಿಟಿಕೇಲ್ ಅನ್ನೋ ಬೆಳೆನೇ ಮಾಡಿದ್ದಾರೆ. ಇಷ್ಟು ವ್ಯತ್ಯಾಸ ಇದ್ರೆ ಬೇರೆ ಜೀನಸ್ ಅಂತ ಅಳೆಯೋ ಪಟ್ಟಿ ಎಲ್ಲೂ ಇಲ್ಲ. ಹುಣಸೆಯ ಜೀನಸ್ಸಲ್ಲಿ ಒಂದೇ ಸ್ಪೀಶೀಸ್, ಆಲ ಅರಳಿ ಅತ್ತಿ ಅಂಜೂರ ಇರೋ ಫೈಕಸ್‌ನಲ್ಲಿ ಸುಮಾರು 850. ಗುಂಪು ಒಂದೇ ಬುಡದ್ದಾಗಿರಬೇಕು ಅನ್ನೋದು ನಿಯಮ, ಗೆರೆ ಎಲ್ಲಿ ಎಳೀಬೇಕು ಅನ್ನೋದು ಆ ಗುಂಪನ್ನ ಓದಿದವರ ವಿವೇಚನೆ.

ಪ್ರಶ್ನೆ (ಕುರ್ಲಾ, ಮುಂಬೈ): ನಮ್ಮ ಸೊಸೈಟಿಯಲ್ಲಿ ಮಳೆಗಾಲಕ್ಕೆ ಮಲೇರಿಯಾ, ಡೆಂಗ್ಯೂ ಎರಡೂ ಬರುತ್ತೆ. ಗಟಾರ ಕ್ಲೀನ್ ಮಾಡಿಸಿದ್ರೂ ಕಮ್ಮಿ ಆಗಲ್ಲ. ಸೊಳ್ಳೆ ಯಾವ ಜೀನಸ್ ಅಂತ ತಿಳ್ಕೊಂಡು ನಮಗೇನು ಲಾಭ?

ಉತ್ತರ: ಲಾಭ ಇಲ್ಲೇ ಹೆಚ್ಚು. ಮನುಷ್ಯರಿಗೆ ಮಲೇರಿಯಾ ಹರಡೋದು ಅನಾಫಿಲಿಸ್ ಜೀನಸ್ಸಿನ ಸೊಳ್ಳೆಗಳು ಮಾತ್ರ, ಡೆಂಗ್ಯೂ ಏಡಿಸ್, ಆನೆಕಾಲು ರೋಗ ನಮ್ಮಲ್ಲಿ ಮುಖ್ಯವಾಗಿ ಕ್ಯೂಲೆಕ್ಸ್. ಗಟಾರದ ಗಲೀಜು ನೀರು ಕ್ಯೂಲೆಕ್ಸ್‌ನ ಜಾಗ, ಅದನ್ನ ಕ್ಲೀನ್ ಮಾಡಿದ್ದು ಒಳ್ಳೇದೇ ಆದ್ರೆ ಮಲೇರಿಯಾ ಡೆಂಗ್ಯೂ ಅದರಿಂದ ನಿಲ್ಲಲ್ಲ. ಮುಂಬೈಯ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸೈ ಮೊಟ್ಟೆ ಇಡೋದು ಟೆರೇಸ್ ಟ್ಯಾಂಕಿಯ, ಬಾವಿಯ ಶುದ್ಧ ನೀರಲ್ಲಿ, ಏಡಿಸ್ ಕುಂಡದ ತಟ್ಟೆ, ಟಯರು, ಕೂಲರ್, ಫ್ರಿಜ್ಜಿನ ಹಿಂದಿನ ಟ್ರೇಯಲ್ಲಿ. ಗುರುತು ಹಿಡಿಯೋದು ಕಷ್ಟ ಅಲ್ಲ. ಗೋಡೆ ಮೇಲೆ ಕೂತಾಗ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರೋದು ಅನಾಫಿಲಿಸ್, ಮೈ ಕಾಲಿಗೆ ಬಿಳಿ ಪಟ್ಟಿ ಇದ್ದು ಹಗಲು ಕಚ್ಚೋದು ಏಡಿಸ್. ನೀರಲ್ಲಿ ಹುಳ ಇದ್ದಾಗಲೇ ನೋಡಬಹುದು, ಅನಾಫಿಲಿಸ್ ಹುಳ ನೀರಿನ ಮಟ್ಟಕ್ಕೆ ಸಮವಾಗಿ ಮಲಗಿರುತ್ತೆ, ಉಳಿದೆರಡು ಬಾಲದ ನಳಿಕೆ ಮೇಲಿಟ್ಟು ತಲೆಕೆಳಗಾಗಿ ಜೋತಿರ್ತವೆ. ಏಡಿಸ್ ಮೊಟ್ಟೆ ಒಣಗಿದ ಪಾತ್ರೆ ಅಂಚಲ್ಲೂ ತಿಂಗಳುಗಟ್ಟಲೆ ಬದುಕಿರುತ್ತೆ, ಹಾಗಾಗಿ ನೀರು ಚೆಲ್ಲಿದ್ರೆ ಸಾಲದು, ಅಂಚು ತಿಕ್ಕಿ ತೊಳೀಬೇಕು. ಟ್ಯಾಂಕಿ ಮುಚ್ಚಳ ಗಾಳಿಯಾಡದಂಗೆ ಬಿಗಿ ಇದೆಯಾ ಅಂತ ಸೊಸೈಟಿ ಮೀಟಿಂಗಲ್ಲಿ ಮೊದಲು ಕೇಳಿ.

ಪ್ರಶ್ನೆ (ಕಾಣಕೋಣ, ಗೋವಾ): ಕಾಳಿಂಗ ಸರ್ಪ ಅಂದ್ರೆ ದೊಡ್ಡ ನಾಗರಹಾವೇ ಅಲ್ವಾ? ಇಂಗ್ಲಿಷಲ್ಲೂ ಕಿಂಗ್ ಕೋಬ್ರಾ ಅಂತಾರಲ್ಲ.

ಉತ್ತರ: ಅಲ್ಲ. ನಾಗರ ನಾಜಾ ಜೀನಸ್, ಕಾಳಿಂಗ ಓಫಿಯೋಫೇಗಸ್. ಹೆಡೆ ಇಬ್ಬರಿಗೂ ಇದೆ, ಜೀನಸ್ ಬೇರೆ. ಬಹಳ ಕಾಲ ಆ ಜೀನಸ್ಸಿಗೆ ಒಂದೇ ಸ್ಪೀಶೀಸ್ ಅಂತಿತ್ತು. 2024ರಲ್ಲಿ ಅದು ನಾಲ್ಕು ಸ್ಪೀಶೀಸ್ ಅಂತ ತೋರಿಸಿದ್ರು, ಪಶ್ಚಿಮ ಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಅಂತ ಕನ್ನಡದ ಹೆಸರೇ ಇಟ್ಟರು, ನಿಮ್ಮ ಕಾಡಿನ ಕಡೆ ಕಾಣೋದು ಅದೇ. ಇಲ್ಲಿ ಒಂದು ಎಚ್ಚರಿಕೆ: ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗೋ ಹಾವಿನ ವಿಷದ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ಮಾಡಿದ್ದು, ಅದರಲ್ಲಿ ಕಾಳಿಂಗ ಇಲ್ಲ. ಯಾವ ಹಾವೇ ಕಚ್ಚಿರಲಿ, ಹಾವು ಹುಡುಕೋದು ಬಿಟ್ಟು ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕು. ಕಾಳಿಂಗ ಕಂಡ್ರೆ ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ.

ಪ್ರಶ್ನೆ (ನಿಗಡಿ, ಪುಣೆ, ಏಳನೇ ಕ್ಲಾಸಿನ ಓದುಗ): ಫೈಕಸ್ ಅಂತ ನೆಟ್‌ನಲ್ಲಿ ಹುಡುಕಿದ್ರೆ ಆಲದ ಮರನೂ ಬಂತು, ಒಂದು ಸಮುದ್ರದ ಶಂಖದ ಹುಳನೂ ಬಂತು. ತಪ್ಪಾ?

ಉತ್ತರ: ತಪ್ಪಲ್ಲ ಮರಿ, ಒಳ್ಳೇದು ಕಂಡುಹಿಡಿದಿದೀಯ. ಗಿಡಗಳ ಹೆಸರಿಗೆ ಒಂದು ನಿಯಮಾವಳಿ, ಪ್ರಾಣಿಗಳಿಗೆ ಇನ್ನೊಂದು. ಗಿಡಗಳೊಳಗೆ ಒಂದು ಜೀನಸ್ ಹೆಸರು ಎರಡು ಸಲ ಬರಬಾರದು, ಪ್ರಾಣಿಗಳೊಳಗೂ ಬರಬಾರದು, ಆದರೆ ಗಿಡಕ್ಕೊಂದು ಪ್ರಾಣಿಗೊಂದು ಒಂದೇ ಹೆಸರು ಇದ್ರೆ ಅಡ್ಡಿ ಇಲ್ಲ. ಆ ಶಂಖದ ಆಕಾರ ಅಂಜೂರದ ಹಣ್ಣಿನ ಥರ ಇದೆ, ಅದಕ್ಕೇ ಆ ಹೆಸರು. ಮೋರಸ್ ಅಂತ ಹುಡುಕಿ ನೋಡು, ಹಿಪ್ಪುನೇರಳೆನೂ ಬರುತ್ತೆ, ಒಂದು ಕಡಲಹಕ್ಕಿನೂ ಬರುತ್ತೆ. ಇಂಥದ್ದು ಇನ್ನೂ ಸಿಕ್ಕರೆ ಬರೆದು ಕಳಿಸು, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.